ಬಿಡಿಭಾಗ ಜೋಡಿಸಿದ ಗಾಡಿ, ಕಮಲಾಪುರದ ದಾರಿ

ಕಲಬುರಗಿಯಿಂದ ಕಮಲಾಪುರ ನಲ್ವತ್ತು ಕಿಲೋಮೀಟರಿನ ಒಳಗೇ ಇದೆ. ಹುಮನಾಬಾದ್ ಬೇಸ್ ದಾಟಿ, ಕಪನೂರ ಕೈಗಾರಿಕಾ ಪ್ರದೇಶದ ಶೆಡ್ಡುಗಳನ್ನು ಹಿಂದೆ ಬಿಟ್ಟರೆ ಎರಡೂ ಕಡೆ ಎರೆಹೊಲ, ತೊಗರಿ. ಮುಂದೆ ಕುರಿಕೋಟಾ ಸೇತುವೆ, ಮಹಾಗಾಂವ ಕ್ರಾಸ್. ಅಲ್ಲಿಂದ ಮುಂದೆ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಮಣ್ಣಿನ ನಡುವೆ ಕೆಂಪು ಮಣ್ಣು ಕಾಣುತ್ತದೆ, ದಾರಿ ಏರುತ್ತದೆ, ಇಳಿಯುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ಇದೇ ನೆಲದಿಂದ. ಮಳೆಗಾಲ ಮುಗಿದ ಮೇಲೆ ಈ ದಾರಿ ನೋಡಲು ಚೆಂದ. ಗೆಳೆಯರ ಜೊತೆ ಭಾನುವಾರ ಗಾಡಿ ತೆಗೆದುಕೊಂಡು ಹೊರಡಲು ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಇಂಗ್ಲೆಂಡಿನಲ್ಲಿ ಒಂದು ರೂಢಿ ಇದೆ. ಕಾರಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಂಡು ತಂದು, ಮನೆಯ ಶೆಡ್ಡಿನಲ್ಲೇ ಜೋಡಿಸಿ, ಎರಡು ಸೀಟಿನ ಓಪನ್ ಕಾರು ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿಕೊಂಡ ಗೆಳೆಯರು ಸಾಲಾಗಿ ಗುಡ್ಡದ ದಾರಿ ಹಿಡಿಯುತ್ತಾರೆ. ನಮ್ಮ ಹುಡುಗರು ಮೊಬೈಲಿನಲ್ಲಿ ಇಂಥ ವಿಡಿಯೋ ನೋಡಿ, 'ನಾವೂ ಒಂದು ಕಟ್ಟಬಹುದಲ್ಲಾ' ಅನ್ನುತ್ತಾರೆ. ಕಟ್ಟಬಹುದು. ಅದನ್ನು ಕಮಲಾಪುರದ ದಾರಿಗೆ ಇಳಿಸಬಹುದೇ ಅನ್ನುವುದು ಬೇರೆ ಪ್ರಶ್ನೆ. ಉತ್ತರ ಹುಡುಕಲು ಈ ದಾರಿಯ ಇತಿಹಾಸವನ್ನೂ ಕೈಯಿಂದ ಕಟ್ಟಿದ ಗಾಡಿಯ ಇತಿಹಾಸವನ್ನೂ ನಾವು ಒಟ್ಟಿಗೇ ನೋಡಬೇಕಾಯಿತು.

ಎರಡು ರಾಜಧಾನಿಗಳ ನಡುವಿನ ದಾರಿ

1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಹದಿನೈದನೇ ಶತಮಾನದಲ್ಲಿ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಅಂದರೆ ಇಂದು ನಾವು ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್ ಎಂದು ಬಸ್ಸಿನ ಬೋರ್ಡಿನಲ್ಲಿ ಓದುವ ದಿಕ್ಕು ಹಳೆಯ ರಾಜಧಾನಿಯಿಂದ ಹೊಸ ರಾಜಧಾನಿಗೆ ಹೋಗುವ ದಿಕ್ಕು. ಆಗ ದೊಡ್ಡವರ ಸವಾರಿ ಕುದುರೆ, ಸಾಮಾನು ಸಾಗಿಸಲು ಎತ್ತು. ಅದೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ಮಾರಲೆಂದು ಈ ರಾಜ್ಯಕ್ಕೆ ಬಂದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡ. ಅದು ಮರಳಿ ಸಿಕ್ಕ ಮೇಲೆ ಬೀದರಿನಲ್ಲಿ ಮಾರಿದ. ಸವಾರಿ ಯಾರದ್ದು, ಅದನ್ನು ತಡೆಯುವ ಅಧಿಕಾರ ಯಾರಿಗೆ ಅನ್ನುವ ಜಗಳ ಅಷ್ಟು ಹಳೆಯದು.

ಕಮಲಾಪುರ ತಾಲ್ಲೂಕಿನಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಕಿಣ್ಣಿ ಸಡಕ್ ಎಂಬ ಊರಿದೆ. ಸಡಕ್ ಅಂದರೆ ರಸ್ತೆ. ಊರಿನ ಹೆಸರಿನೊಳಗೇ ರಸ್ತೆ ಸೇರಿಕೊಂಡಿದೆ.

ನಿಜಾಮರ ಕಾಲದಲ್ಲಿ ಈ ಭಾಗಕ್ಕೆ ಮೋಟಾರು ಬಂತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯವರು ತಮ್ಮ ರಸ್ತೆ ಸಾರಿಗೆ ವಿಭಾಗವನ್ನು ಶುರು ಮಾಡಿದಾಗ ಅವರ ಬಳಿ ಇದ್ದದ್ದು 27 ಬಸ್ಸು, 166 ಮಂದಿ ಕೆಲಸಗಾರರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರ ಮಾಡಿಕೊಂಡು ಈಶಾನ್ಯ ಸಾರಿಗೆ ಸಂಸ್ಥೆ ಆಯಿತು. ಅದೇ ಇಂದಿನ ಕಲ್ಯಾಣ ಕರ್ನಾಟಕ ಸಾರಿಗೆ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಕಮಲಾಪುರ ಸೀಮೆಯ ಮರಗುತ್ತಿಯ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ಹಳಿ ಹಾಕಿದ್ದಾರೆ. ಇಷ್ಟೆಲ್ಲ ಬಂದರೂ ಈ ದಾರಿಯ ಮೇಲೆ ಬಹಳ ಕಾಲ ಓಡಿದ ಗಾಡಿ ಬೇರೆಯೇ ಇದೆ.

ಮೊದಲ ಕಿಟ್ ಗಾಡಿ ಎತ್ತಿನದು

ಎತ್ತಿನ ಬಂಡಿಯನ್ನು ಯಾವ ಕಂಪನಿಯೂ ಮಾಡಿ ಮಾರಲಿಲ್ಲ. ಗುಂಬ, ಆರೆ, ನೊಗ ಬಡಿಗರ ಕೆಲಸ. ಅಚ್ಚು, ಪಟ್ಟಿ, ಕೀಲು ಕಮ್ಮಾರರ ಕೆಲಸ. ಕಬ್ಬಿಣದ ಪಟ್ಟಿಯನ್ನು ಮರದ ಗಾಲಿಗಿಂತ ಸ್ವಲ್ಪ ಸಣ್ಣದಾಗಿ ಮಾಡುತ್ತಿದ್ದರು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಆಗ ಗಾಲಿಯ ಮೇಲೆ ಕೂಡಿಸಿ, ಬಡಿದು, ನೀರು ಹೊಯ್ದರೆ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಮೊಳೆಯಿಂದ ಬಾರದ ಬಿಗಿ ಅದು. ಇದನ್ನು ನೋಡಿದ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ.

ಯಾವ ಭಾಗ ಸವೆದರೂ ಊರಲ್ಲೇ ಬದಲಾಯಿಸಬಹುದಿತ್ತು. ಕಡೆಗೀಲು ಒಂದು ಬಿದ್ದುಹೋದರೆ ಗಾಲಿ ಕಳಚಿ ಬಂಡಿ ಮಗುಚುತ್ತದೆ ಎಂಬುದು ಹೊಡೆಯುವವನಿಗೂ ಗೊತ್ತಿತ್ತು, ಮಾಡಿದವನಿಗೂ ಗೊತ್ತಿತ್ತು. ಇಬ್ಬರೂ ಒಂದೇ ಊರಿನವರು. ಗಾಡಿ ಕೆಟ್ಟರೆ ಬಡಿಗನ ಮನೆಗೇ ಹೋಗಿ ಕೇಳಬಹುದಿತ್ತು. ಲೈಸೆನ್ಸು, ಪಾಸಿಂಗು ಇಲ್ಲದ ಕಾಲದಲ್ಲಿ ಆ ಮುಖಪರಿಚಯವೇ ಗಾಡಿಗೆ ಗ್ಯಾರಂಟಿ.

ಪೆಟ್ಟಿಗೆಯಲ್ಲಿ ಬಂದ ಕಾರು

ಮೋಟಾರು ಬಂದ ಮೇಲೂ ಜೋಡಿಸುವ ಕೆಲಸ ನಿಲ್ಲಲಿಲ್ಲ. 1928ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಮುಂಬಯಿಯಲ್ಲಿ ಕಾರ್ಖಾನೆ ತೆರೆಯಿತು. ಬಿಡಿಭಾಗಗಳು ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತಿದ್ದವು, ಇಲ್ಲಿಯ ಕೆಲಸಗಾರರು ಜೋಡಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ಶುರು ಮಾಡಿದ್ದೂ ಹೀಗೆಯೇ. ವಿಲ್ಲಿಸ್ ಜೀಪಿನ ಭಾಗಗಳನ್ನು ಅಮೆರಿಕದಿಂದ ತರಿಸಿ ಮುಂಬಯಿಯಲ್ಲಿ ಜೋಡಿಸಿದರು. ನಮ್ಮ ಹಳ್ಳಿಯವರು ಇಂದಿಗೂ ಯಾವುದೇ ಅಂಥ ಗಾಡಿ ಕಂಡರೆ 'ಜೀಪ್' ಅನ್ನುವುದು ಆ ಜೀಪಿನಿಂದ.

1953ರಲ್ಲಿ ಕೇಂದ್ರದ ಸುಂಕ ಆಯೋಗ ಒಂದು ನಿಲುವು ತೆಗೆದುಕೊಂಡಿತು. ಬರೀ ಜೋಡಿಸುವ ಕಂಪನಿಗಳು ಬೇಡ, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಲಿ ಎಂದು ಹೇಳಿತು. ಜನರಲ್ ಮೋಟಾರ್ಸ್, ಫೋರ್ಡ್ ಹೊರಟುಹೋದವು.

ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ತದ್ವಿರುದ್ಧ ನಡೆಯಿತು. ಪೂರ್ತಿ ತಯಾರಾದ ಕಾರು ಕೊಂಡರೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗ ಕೊಂಡರೆ ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಸಣ್ಣ ಓಪನ್ ಕಾರನ್ನು ಜನ ಬಿಡಿಭಾಗವಾಗಿ ಕೊಂಡು ತಾವೇ ಜೋಡಿಸಿಕೊಂಡರು. ಜೋಡಿಸುವ ವಿಧಾನದ ಪುಸ್ತಕ ಕೊಟ್ಟರೆ ತೆರಿಗೆ ಬೀಳುತ್ತದೆಂದು ಬಿಚ್ಚುವ ವಿಧಾನದ ಪುಸ್ತಕ ಕೊಟ್ಟರಂತೆ, ಕೊಂಡವರು ಅದನ್ನು ಹಿಂದಿನಿಂದ ಓದಿದರಂತೆ ಎಂಬ ಕತೆ ಅಲ್ಲಿ ಪ್ರಸಿದ್ಧ. 1973ರಲ್ಲಿ ತೆರಿಗೆ ಪದ್ಧತಿ ಬದಲಾಗಿ ಈ ಲಾಭ ಹೋಯಿತು. ಆದರೆ ಕೈಯಾರೆ ಕಟ್ಟುವ ಹವ್ಯಾಸ ಉಳಿಯಿತು.

ಬೆಂಗಳೂರಿನ ಬಾದಲ್, ಡಾಲ್ಫಿನ್

ನಮ್ಮ ರಾಜ್ಯಕ್ಕೂ ಈ ಕತೆಯಲ್ಲಿ ಪಾಲಿದೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ಬಾದಲ್ ಎಂಬ ಮೂರು ಗಾಲಿಯ ಕಾರು ಮಾಡಿತು. ಮೈ ಫೈಬರಿನದು. ಎಂಜಿನ್ ಹಿಂದೆ, 198 ಸಿ.ಸಿ. ಮಾತ್ರ. ಮುಂದೆ ಸಿಪಾನಿ ಹೆಸರಿನಲ್ಲಿ ಇದೇ ಬಳಗ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಆಧಾರ ಮಾಡಿಕೊಂಡು 1982ರಲ್ಲಿ ಡಾಲ್ಫಿನ್ ತಂದಿತು. ಮೊದಲಿಗೆ ಭಾಗಗಳು ಇಂಗ್ಲೆಂಡಿನಿಂದ ಬಂದವು. ಇದರ ಮೈಯೂ ಫೈಬರ್, ಎಂಜಿನ್ 848 ಸಿ.ಸಿ. ಕಾರು ಹಗುರ ಇದ್ದದ್ದರಿಂದ ರೇಸಿನವರಿಗೆ ಇಷ್ಟವಾಯಿತು. ಮದ್ರಾಸ್ ಹತ್ತಿರದ ಶೋಲಾವರಂ ರೇಸುಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು.

ಸಂಸಾರಸ್ಥರಿಗೆ ಮಾತ್ರ ಎರಡೇ ಬಾಗಿಲಿನ ಕಾರು ಹಿಡಿಸಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರ ಮುಂದೆ ಡಾಲ್ಫಿನ್ ನಿಲ್ಲಲಾಗಲಿಲ್ಲ. ಮೊಂಟಾನಾ ಎಂಬ ಹೆಸರಿನಲ್ಲಿ ಹೆಚ್ಚು ಬಾಗಿಲಿನ ಕಾರನ್ನೂ ಮಾಡಿ ನೋಡಿದರು. 1990ರ ದಶಕದಲ್ಲಿ ಕಾರಿನ ಕೆಲಸ ನಿಂತುಹೋಯಿತು.

1998ರಲ್ಲಿ ಬೆಂಗಳೂರಿನದೇ ಸ್ಯಾನ್ ಕಂಪನಿ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದಿತು. ಗೋವಾದಲ್ಲಿ ಜೋಡಣೆ, ಫ್ರಾನ್ಸಿನ ರೆನೋ ಎಂಜಿನ್, ಫೈಬರ್ ಮೈ. ನಂತರ ಮುಂಬಯಿ ಬಳಿಯ ಅಲಿಬಾಗಿನ ಚಿಂಕಾರಾ ಕಂಪನಿ ಲೋಟಸ್ ಸೆವೆನ್ ಮಾದರಿಯ ರೋಡ್‌ಸ್ಟರ್ ಮಾಡಿತು. ಅದಕ್ಕೆ ಹಾಕಿದ್ದು ಅಂಬಾಸಿಡರ್ ಕಾರಿನಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಝು ಎಂಜಿನ್. ಹೊರಗೆ ವಿಲಾಯತಿ ಚೆಲುವು, ಒಳಗೆ ನಮ್ಮ ತಾಲ್ಲೂಕಿನ ಮೇಸ್ತ್ರಿಯೂ ಬಿಚ್ಚಬಲ್ಲ ಎಂಜಿನ್.

ಈ ಎರಡೂ ಬಹಳ ಮಾರಾಟವಾಗಲಿಲ್ಲ. ಕಾರಣ ಸರಳ. ಇಬ್ಬರೇ ಕೂರುವ ಕಾರಿಗೆ ರೊಕ್ಕ ಕೊಡುವವರು ನಮ್ಮಲ್ಲಿ ಕಡಿಮೆ. ನಮ್ಮ ಕಡೆ ಕ್ರೂಸರಿನಲ್ಲಿ ಎಷ್ಟು ಮಂದಿ ಕೂರುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ.

'ಪಾಸಿಂಗ್ ಆಗಬೇಕಲ್ರೀ'

ಈ ದಾರಿಯಲ್ಲಿ ನಾವು ಗೆಳೆಯರು ಹಳೆಯ ಜೀಪಿನಲ್ಲೂ ಹೋಗಿದ್ದೇವೆ, ಬೈಕಿನಲ್ಲೂ ಹೋಗಿದ್ದೇವೆ. ದಾರಿಯಲ್ಲಿ ಗ್ಯಾರೇಜು ಕಂಡಲ್ಲಿ ನಿಂತು ಮಾತಾಡುವುದು ನಮ್ಮ ಚಟ. ವೆಲ್ಡಿಂಗ್, ಡೆಂಟಿಂಗ್, ಎಂಜಿನ್ ಬೋರ್, ಗೇರ್ ಬಾಕ್ಸು ಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಾಡಿ ಕಟ್ಟುತ್ತೀರಾ ಎಂದು ಕೇಳಿದರೆ ಎಲ್ಲ ಕಡೆ ಬರುವ ಮಾತು ಹೆಚ್ಚುಕಡಿಮೆ ಒಂದೇ: 'ಕಟ್ಟೋದೇನ್ ದೊಡ್ಡದಲ್ರೀ, ಪಾಸಿಂಗ್ ಆಗಬೇಕಲ್ರೀ.'

ಆ ಮಾತು ಸರಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ನೋಂದಣಿ ಆಗಬೇಕಾದರೆ ಆ ಮಾದರಿ ಪುಣೆಯ ಎ.ಆರ್.ಎ.ಐ. ತರಹದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆ ಆಗಿರಬೇಕು. ಈ ವ್ಯವಸ್ಥೆ ಸಾವಿರಾರು ಗಾಡಿ ಮಾಡುವ ಕಂಪನಿಗೆ ಹೊಂದುತ್ತದೆ. ಒಂದೇ ಗಾಡಿ ಕಟ್ಟಿದ ಮೇಸ್ತ್ರಿಗೆ ಆ ಖರ್ಚು ಹೊರಲಾಗದು.

ಹಳೆಯ ಗಾಡಿಯನ್ನೇ ಬದಲಾಯಿಸಿಕೊಂಡರೆ? ಕಾಯ್ದೆಯ 52ನೇ ಕಲಂ ಅದಕ್ಕೂ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇದರ ಬಿಸಿ ಏನೆಂದು ಸಾಂಗ್ಲಿ ಜಿಲ್ಲೆಯಲ್ಲಿ ದೇಶವೇ ನೋಡಿತು. 2021ರ ಕೊನೆಯಲ್ಲಿ ಅಲ್ಲಿಯ ಕಮ್ಮಾರರೊಬ್ಬರು ಗುಜರಿ ಸಾಮಾನಿನಿಂದ, ಬೈಕಿನ ಹಾಗೆ ಕಿಕ್ ಹೊಡೆದು ಚಾಲು ಮಾಡುವ ಸಣ್ಣ ಜೀಪ್ ಕಟ್ಟಿದ ವಿಡಿಯೋ ಎಲ್ಲೆಡೆ ಓಡಾಡಿತು. ಖರ್ಚು ಸುಮಾರು 60,000 ರೂಪಾಯಿ. ಮಹೀಂದ್ರ ಕಂಪನಿಯ ಮುಖ್ಯಸ್ಥರು ಅದನ್ನು ಮೆಚ್ಚಿದರು. ನಿಯಮಕ್ಕೆ ಹೊಂದದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ಆ ಗಾಡಿಯನ್ನು ತಡೆಯುತ್ತಾರೆ ಎಂದೂ ಹೇಳಿ, ಬದಲಿಗೆ ಬೊಲೆರೊ ಕೊಡುವುದಾಗಿ ತಿಳಿಸಿದರು. 2022ರ ಜನವರಿಯಲ್ಲಿ ಹಾಗೆಯೇ ಕೊಟ್ಟರು. ಅದು ದೊಡ್ಡ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡಿಭಾಗ ತರಿಸಿ ಜೀಪ್ ಜೋಡಿಸುತ್ತಾ ಬೆಳೆದ ಕಂಪನಿಯ ಅಂಗಳಕ್ಕೆ, ಬಿಡಿಭಾಗ ಜೋಡಿಸಿ ಕಟ್ಟಿದ ಹಳ್ಳಿಯ ಜೀಪು ಪ್ರದರ್ಶನದ ವಸ್ತುವಾಗಿ ಹೋಯಿತು. ಓಡುವ ಗಾಡಿ ನಿಂತಿತು.

ನಿಯಮ ಯಾಕೆ ಬೇಕು

ಹಾಗಾದರೆ ನಿಯಮವನ್ನು ತೆಗೆದುಹಾಕಬೇಕೇ? ಕಮಲಾಪುರದ ದಾರಿಯಲ್ಲಿ ನಿಂತು ಆ ಮಾತು ಹೇಳಲು ನಮಗೆ ಬಾಯಿ ಬರುವುದಿಲ್ಲ. 2022ರ ಜೂನ್ 3ರ ಬೆಳಿಗ್ಗೆ ಕಮಲಾಪುರದ ಹೊರವಲಯದಲ್ಲಿ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ, ಸೇತುವೆಯಿಂದ ಉರುಳಿ, ಹೊತ್ತಿ ಉರಿಯಿತು. ಒಳಗಿದ್ದ ಹೈದರಾಬಾದಿನ ಕುಟುಂಬದವರು ಪ್ರವಾಸ ಮುಗಿಸಿ ಮನೆಗೆ ಹೊರಟಿದ್ದರು. 7 ಮಂದಿ ಸುಟ್ಟು ಸತ್ತರು. ಅಂಥ ಹೊತ್ತಿನಲ್ಲಿ ಎಣ್ಣೆಯ ಟ್ಯಾಂಕು ಎಲ್ಲಿದೆ, ತುರ್ತು ಬಾಗಿಲು ತೆರೆಯುತ್ತದೆಯೇ, ಮೈಗೆ ಬಳಸಿದ ವಸ್ತು ಬೇಗ ಹೊತ್ತಿಕೊಳ್ಳುತ್ತದೆಯೇ ಎಂಬುದು ಕ್ಷಣಗಳಲ್ಲಿ ಜೀವ ಉಳಿಸುವ, ಕಳೆಯುವ ವಿಷಯ. ಮನೆಯಲ್ಲಿ ಕಟ್ಟಿದ ಗಾಡಿಗೂ ಈ ಪ್ರಶ್ನೆಗಳು ತಪ್ಪುವುದಿಲ್ಲ. ಎತ್ತಿನ ಬಂಡಿ ಮಗುಚಿದರೆ ಮೊಣಕೈ ತರಚುತ್ತಿತ್ತು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ವೆಲ್ಡಿಂಗ್ ಬಿಟ್ಟರೆ ಎದುರಿನ ಗಾಡಿಯವನೂ ಉಳಿಯುವುದಿಲ್ಲ.

ಆದ್ದರಿಂದ ಪರೀಕ್ಷೆ ಬೇಕು. ನಾವು ಕೇಳುವುದು ಒಬ್ಬ ಮೇಸ್ತ್ರಿಗೂ ಎಟುಕುವ ಪರೀಕ್ಷೆ. ಇಂಗ್ಲೆಂಡಿನಲ್ಲಿ ಅದು ಇದೆ. ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಒಯ್ದು ಬ್ರೇಕು, ಸ್ಟೇರಿಂಗು, ದೀಪ, ಸೀಟ್ ಬೆಲ್ಟು, ಹೊಗೆ ಎಲ್ಲ ತೋರಿಸಬೇಕು. ಪಾಸಾದರೆ ನಂಬರು, ಇಲ್ಲದಿದ್ದರೆ ತಿದ್ದಿಕೊಂಡು ಮತ್ತೆ ಬರಬೇಕು. ಹವ್ಯಾಸಕ್ಕೂ ಜಾಗ ಇದೆ, ಜೀವಕ್ಕೂ ಬೆಲೆ ಇದೆ. ಬಡಿಗ, ಕಮ್ಮಾರರ ಕಾಲದಲ್ಲಿ ಊರಿನ ಮುಖಪರಿಚಯ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಒಂದು ಕಚೇರಿ ಮಾಡುತ್ತದೆ.

ನಮ್ಮ ಪಾಲಿಟೆಕ್ನಿಕ್, ಐ.ಟಿ.ಐ. ಹುಡುಗರು ಗಾಡಿ ಕಟ್ಟುವುದಾದರೆ ಕಟ್ಟಲಿ. ಸದ್ಯಕ್ಕೆ ಅದು ಕಾಲೇಜಿನ ಅಂಗಳದಲ್ಲಿ, ಹೊಲದಲ್ಲಿ ಓಡಲಿ, ಹೆದ್ದಾರಿಗೆ ಇಳಿಯುವುದು ಬೇಡ. ಹಳೆಯ ಜೀಪ್ ಕೊಳ್ಳುವವರು ಮೊದಲು ಆರ್.ಸಿ. ಕೈಗೆ ತೆಗೆದುಕೊಂಡು ಎಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆ ಆಗುತ್ತದೆಯೇ ನೋಡಿಕೊಳ್ಳಿ. ಎಂಜಿನ್ ಬದಲಾಯಿಸಬೇಕಾದರೆ ಕೆಲಸಕ್ಕೆ ಮೊದಲೇ ಆರ್.ಟಿ.ಒ. ಕಚೇರಿಯಲ್ಲಿ ಅನುಮತಿ ಕೇಳಿ. ಒಂಟಿ ಗಾಡಿಗೂ ಪರೀಕ್ಷೆಯ ದಾರಿ ತೆರೆಯಿರಿ ಎಂಬ ಬೇಡಿಕೆಯನ್ನು ಜನಪ್ರತಿನಿಧಿಗಳ ಕಿವಿಗೂ ಹಾಕಿ. ಅದು ಆಗುವವರೆಗೆ ಕಮಲಾಪುರದ ಏರು, ಕೆಂಪು ಮಣ್ಣು, ಬಾಳೆತೋಟ ನೋಡಲು ಬಸ್ಸು ಇದೆ, ರೈಲೂ ಇದೆ.