ಕ್ಯಾಸೆಟ್ಟಿನಲ್ಲಿ ಹಿಡಿಯದ ರಾತ್ರಿ

ಹೋದ ಸಲ ಅಕ್ಕಲಕೋಟೆ ಕಡೆಯ ಗೀಗೀ ಮೇಳವೊಂದರ ಮೊದಲ ಕ್ಯಾಸೆಟ್ ಇಲ್ಲಿ ಕೇಳಿಸಿದ್ದೆ. "ಇಷ್ಟು ಆಧಾರ ಸಾಕಲ್ಲ?" ಅಂತ ಒಬ್ಬರು ಕೇಳಿದ್ರು. ಸಾಲದು ಅಂತ ಈಗ ಅನಿಸ್ತದೆ.

ಹರದೇಶಿ-ನಾಗೇಶಿ ಅಂದರೆ ವಾದದ ಹಾಡಿಕೆ. ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬುದು ಅದರ ತಾತ್ವಿಕ ರೂಪ. ಜಾತ್ರೆಯಲ್ಲಿ ಊಟ ಮುಗಿದ ಮೇಲೆ ದಪ್ಪು, ತುಂತುಣಿ, ತಾಳ ಹಿಡಿದು ನಿಂತರೆ ಬೆಳಗಾಗುವ ತನಕ ಸವಾಲು, ಜವಾಬು. ಸೊಲ್ಲಾಪುರದ ಮರಾಠಿ ಕೇಳುಗರಿಗೂ ಇದು ಹೊಸದಲ್ಲ. ಅವರ ಲಾವಣಿಯಲ್ಲಿ ಕಲಗಿ-ತುರಾ ಪಂಗಡಗಳಿವೆ. ಪೇಶವೆ ಕಾಲದ ಶಾಹೀರ ರಾಮಜೋಶಿ ಇದೇ ಊರಿನವರು.

ಈಗ ಲೆಕ್ಕ ಹಾಕ್ರಿ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. 1980ರ ದಶಕದಲ್ಲಿ ಹಳ್ಳಿಹಳ್ಳಿಗೆ ಬಂದ ಕ್ಯಾಸೆಟ್ಟಿಗೆ 60 ನಿಮಿಷ, ಅದೂ ನಡುವೆ ತಿರುವಿ ಹಾಕಬೇಕು. ನನ್ನ ಕ್ಯಾಸೆಟ್ಟಿನ ಎರಡೂ ಮಗ್ಗುಲು ಹರದೇಶಿಯೇ. ಗಂಡಸು ಸವಾಲು ಹಾಕ್ತಾನೆ, ಹಿಮ್ಮೇಳ ಗೀಗೀ ಅಂತದೆ, ಅಷ್ಟರಲ್ಲಿ ಮುಂದಿನ ಹಾಡು ಶುರು. ಜವಾಬು ಕೊಡಬೇಕಾದ ಹೆಣ್ಣುಮಗಳು ಎಲ್ಲಿ? (ಒಂದೇ ಮೇಳ ಕರೆಸಿದರೆ ಖರ್ಚು ಕಡಿಮೆ, ಅದು ಗೊತ್ತಿದ್ದದ್ದೇ.)

ಇದನ್ನೇ ನಂಬಿ ನನ್ನ ಹಿಂದಿನ ಪ್ರಬಂಧದಲ್ಲಿ "ಈ ಭಾಗದ ರಾತ್ರಿ ಹಾಡಿಕೆ ಗಂಡಸರದು" ಅಂತ ಬರೆದಿದ್ದೆ. ಆ ಸಾಲನ್ನು ಹಿಂತೆಗೆದುಕೊಳ್ತೇನೆ. ಮುಂದಿನ ಜಾತ್ರೆಗೆ ರೆಕಾರ್ಡರ್ ಹಿಡಿದು ರಾತ್ರಿಯೆಲ್ಲ ಕೂಡ್ತೀನಿ. ಬರುವವರು ಹೆಸರು ಕೊಡ್ರಿ.