ಥಂಡಿಯ ಜಳಕಕ್ಕೆ ಹೊಳೆಯೇ ಇಟ್ಟ ಮುಹೂರ್ತ

ಜನವರಿ 14ರ ಆಸುಪಾಸು ಯಾದಗಿರಿ ಜಿಲ್ಲೆಯಲ್ಲಿ ನಸುಕು ಹರಿಯುವ ಮೊದಲೇ ಜನ ನೀರಿಗಿಳಿಯುತ್ತಾರೆ. ಮೈಲಾಪುರದಲ್ಲಿ ಗುಡ್ಡದ ಗವಿಯೊಳಗಿನ ಮೈಲಾರಲಿಂಗ ಪಲ್ಲಕ್ಕಿಯೇರಿ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೊರಡುತ್ತಾನೆ. ಭಂಡಾರ ಹಾರಿ ದಾರಿಯೆಲ್ಲ ಹಳದಿಯಾಗುತ್ತದೆ, ‘ಏಳು ಕೋಟಿಗೆ’ ಎಂಬ ಕೂಗು ಗುಡ್ಡಕ್ಕೆ ಬಡಿದು ಮರಳುತ್ತದೆ. ಶಹಾಪುರದ ಕಡೆಯಿಂದ ದಿಗ್ಗಿ ಸಂಗಮೇಶ್ವರ ಮತ್ತು ಬಲಭೀಮೇಶ್ವರರ ಪಲ್ಲಕ್ಕಿಗಳು ಭೀಮೆಗೆ ಹೋಗುತ್ತವೆ. ಸುರಪುರ ಸೀಮೆಯವರು ನಾರಾಯಣಪುರದ ಹತ್ತಿರದ ಛಾಯಾ ಭಗವತಿಯಲ್ಲಿ ಕೃಷ್ಣೆಗೆ ಇಳಿಯುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನ ನಾಡಿದು. ಇಲ್ಲಿಯ ಮೈಗಳಿಗೆ ಜನವರಿಯ 15 ಡಿಗ್ರಿಯೇ ಹಲ್ಲು ಕಡಿಸುವ ಥಂಡಿ. ಮೈ ಬೆಂದುಹೋಗುವ ತಿಂಗಳುಗಳನ್ನೆಲ್ಲ ಬಿಟ್ಟು, ವರ್ಷದಲ್ಲೇ ತಣ್ಣಗಿನ ದಿನಗಳನ್ನು ಹೊಳೆಸ್ನಾನಕ್ಕೆ ಆರಿಸಿಕೊಂಡದ್ದು ಯಾಕೆ? ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಅದು ಉತ್ತರಾಯಣದ ಪುಣ್ಯಕಾಲ ಎಂಬುದು ಒಂದು, ದೇಹ ದಂಡಿಸಿದಷ್ಟೂ ಭಕ್ತಿಗೆ ತೂಕ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಈ ಸೀಮೆಯ ಚರಿತ್ರೆಯನ್ನು ಹೊಳೆಯ ದಂಡೆಯಲ್ಲಿ ನಿಂತು ನೋಡಿದರೆ ಮೂರನೆಯ ಉತ್ತರವೇ ಗಟ್ಟಿಯಾಗಿ ಕಾಣುತ್ತದೆ. ಚಳಿಗಾಲದ ಜಳಕದ ದಿನವನ್ನು ಪಂಚಾಂಗ ಹೇಳಿತು. ಆದರೆ ಆ ಜಳಕವನ್ನು ರೂಢಿಯಾಗಲು ಬಿಟ್ಟದ್ದು ಕೃಷ್ಣೆ ಮತ್ತು ಭೀಮೆಯರ ನಡವಳಿಕೆ.

ಈ ಎರಡೂ ನದಿಗಳು ಇಲ್ಲಿಯ ಮಳೆಯನ್ನು ನಂಬಿ ಹರಿಯುವುದಿಲ್ಲ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಭೀಮೆ ಹುಟ್ಟುವ ಭೀಮಾಶಂಕರವೂ ಸಹ್ಯಾದ್ರಿಯ ಮಡಿಲಲ್ಲೇ ಇದೆ. ಯಾದಗಿರಿಯ ಹೊಲಗಳಲ್ಲಿ ತೊಗರಿ ಬಾಡುತ್ತಿದ್ದಾಗಲೂ ಹೊಳೆ ದಂಡೆ ಮೀರಿ ಬರಬಹುದು. ಮೋಡ ನೋಡಿ ಮಳೆಯನ್ನು ಊಹಿಸುವ ರೈತನಿಗೆ ಮಹಾಪೂರದ ಸುಳಿವು ಮಾತ್ರ ತನ್ನ ಆಕಾಶದಲ್ಲಿ ಸಿಗುವುದಿಲ್ಲ. ಜೊತೆಗೆ ಕೃಷ್ಣೆ ದಖ್ಖನ್ನಿನ ಎತ್ತರದಿಂದ ಸುರಪುರ–ರಾಯಚೂರು ಬಯಲಿಗೆ ಇಳಿಯುವುದು ಇದೇ ಭಾಗದಲ್ಲಿ. ಸುಮಾರು 3 ಮೈಲಿಯಲ್ಲಿ 408 ಅಡಿ ಇಳಿಯುತ್ತದೆಂದು ಬ್ರಿಟಿಷ್ ಕಾಲದ ಗೆಜೆಟಿಯರ್ ದಾಖಲಿಸಿದೆ. ಬಂಡೆಗಳ ನಡುವೆ ಹೀಗೆ ಧುಮುಕುವ ನೀರಿನಲ್ಲಿ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಕಾಲಿಡುವುದೆಂದರೆ ಜೀವಕ್ಕೆ ಸಂಚಕಾರ. ಏಪ್ರಿಲ್, ಮೇ ಹೊತ್ತಿಗೆ ಹೊಳೆ ಮರಳಿನ ನಡುವೆ ಮಡುಗಳಾಗಿ ಒಡೆದು ನಿಲ್ಲುತ್ತದೆ, ಎಮ್ಮೆ ಮೈ ತೊಳೆದ ನೀರಿನಲ್ಲೇ ಮನುಷ್ಯರೂ ಮೈ ತೊಳೆಯಬೇಕು. ತಿಳಿಯಾದ, ಹರಿಯುವ, ಎದೆಮಟ್ಟ ಮೀರದ ನೀರು ದಂಡೆಯಲ್ಲೇ ಸಿಗುವುದು ಕಾರ್ತಿಕದಿಂದ ಮಾಘದವರೆಗೆ ಮಾತ್ರ. ಹೊಳೆ ಮನುಷ್ಯರಿಗೆ ಬಿಟ್ಟುಕೊಟ್ಟ ಬಾಗಿಲು ಥಂಡಿಯ ಕಾಲದಲ್ಲೇ ತೆರೆಯುತ್ತಿತ್ತು.

ಬಾದಶಹನೂ ಈ ಲೆಕ್ಕದಿಂದ ಹೊರಗಿರಲಿಲ್ಲ. ಸುರಪುರದ ಬೇಡ ನಾಯಕರ ಅಂದಿನ ಗಟ್ಟಿ ನೆಲೆ ವಾಗಿಣಗೇರಿಗೆ ಔರಂಗಜೇಬ್ ಸ್ವತಃ ಮುತ್ತಿಗೆ ಹಾಕಿದ್ದು 1705ರ ಫೆಬ್ರುವರಿಯಲ್ಲಿ, ಕೋಟೆ ಬಿದ್ದದ್ದು ಏಪ್ರಿಲ್ ಕೊನೆಯಲ್ಲಿ. ಮಳೆಗಾಲ ಎದುರಾದಾಗ ಅವನ ದಂಡು ಕೃಷ್ಣೆಯ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಿತು, ಮತ್ತೆ ಡೇರೆ ಕಿತ್ತದ್ದು ಅಕ್ಟೋಬರ್ ಕೊನೆಗೆ. ಆ ತಂಗುವಿಕೆಗೆ ಮುದುಕ ಬಾದಶಹನ ಕಾಯಿಲೆಯೂ ಕಾರಣವಾಗಿತ್ತು, ನಿಜ. ಆದರೂ ಆನೆ, ಒಂಟೆ, ತೋಪುಗಳಿದ್ದ ದಂಡಿನ ವೇಳಾಪಟ್ಟಿಯೂ ಹೊಳೆಯ ವೇಳಾಪಟ್ಟಿಯೂ ಹೀಗೆ ಒಂದಕ್ಕೊಂದು ಕೂಡಿಬಂದದ್ದು ಬರೀ ಆಕಸ್ಮಿಕ ಎನ್ನಲಾಗದು. ಮುಂದೆ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕೆರೆಗಳ ಕೆಲಸಕ್ಕೆ ಕೈಹಾಕಿದ. ನಾಯಕರ ಕಾಲದ ಬೋನಾಳ ಕೆರೆ ಅವನ ಗಮನ ಸೆಳೆದವುಗಳಲ್ಲೊಂದು. ಎರಡು ಮಹಾನದಿಗಳ ನಡುವಿನ ಸೀಮೆಗೆ ಕೆರೆಯ ಹಂಬಲ ಯಾಕೆ? ಹೊಳೆಯ ನೀರು ಬೇಕಾದಾಗ ಸಿಗುತ್ತಿರಲಿಲ್ಲ, ಬಂದಾಗ ತಡೆಯಲಾಗುತ್ತಿರಲಿಲ್ಲ. ಮೈಲಾಪುರದ ದೇವರ ಜಳಕ ಹೊಳೆಯಲ್ಲಲ್ಲದೆ ಕೆರೆಯಲ್ಲಿ ನಡೆಯುವುದನ್ನೂ ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಮಳೆ ಮುಗಿದ ಮೇಲೆ ತುಂಬಿ ತಿಳಿಯಾಗಿ ನಿಂತ ಕೆರೆಯೂ ಸಂಕ್ರಾಂತಿಯ ಹೊತ್ತಿಗೇ ತನ್ನ ಒಳ್ಳೆಯ ಸ್ಥಿತಿಯಲ್ಲಿರುತ್ತದೆ.

ನೀರಿನ ಮೇಲೆ ಬದುಕು ಕಟ್ಟಿಕೊಂಡವರು ಬೇರೆಯೇ ಇದ್ದರು. ಅಂಬಿಗರು ಬಿದಿರು ಹೆಣೆದು, ಚರ್ಮ ಹೊದಿಸಿ, ದುಂಡನೆಯ ಹರಿಗೋಲು ಮಾಡಿ ಜನ–ಜಾನುವಾರು ದಾಟಿಸಿದರು. ಹೊಳೆ ನಡುವಿನ ಗಡ್ಡಿಗಳಲ್ಲಿ ಇರುವವರು ಈಜಲು ಕಲಿತದ್ದು ಒಣ ಸೋರೆ ಬುರುಡೆಯ ಆಸರೆಯಲ್ಲಿ. ಬಳ್ಳಿಯಲ್ಲೇ ಬಲಿತು ಒಣಗಿದ ಸೋರೆಕಾಯಿಯ ಒಳಗು ಟೊಳ್ಳಾಗಿ, ಸಿಪ್ಪೆ ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಅಂಥವನ್ನು ಹಗ್ಗದಲ್ಲಿ ಪೋಣಿಸಿ ಸೊಂಟಕ್ಕೋ ಎದೆಗೋ ಬಿಗಿದರೆ ಮೈ ಮುಳುಗುವುದಿಲ್ಲ, ಕೈಗಳು ನೀರು ಸೀಳಲು ಬಿಡುವಾಗಿರುತ್ತವೆ. ಎಲ್ಲಿ ಕಾಲಿಗೆ ನೆಲ ಸಿಗುತ್ತದೆ, ಎಲ್ಲಿ ಬಂಡೆಯಡಿ ಸುಳಿಯಿದೆ, ಯಾವ ಮಡುವಿನಲ್ಲಿ ಮೊಸಳೆ ಬಿಸಿಲು ಕಾಯಿಸುತ್ತದೆ ಎಂಬುದೆಲ್ಲ ಇವರಿಗೆ ಗೊತ್ತು. ಜಾತ್ರೆಯ ದಿನ ಸಾವಿರಾರು ಜನ ಭಯವಿಲ್ಲದೆ ನೀರಿಗಿಳಿಯುವುದು ಇವರ ಅನುಭವದ ಮೇಲೆ. ‘ಹೊಳೆಯಲ್ಲಿ ಮುಳುಗೇಳುವುದಕ್ಕೂ ಈಜಿಗೂ ಏನು ಸಂಬಂಧ’ ಎಂದು ಕೇಳುವವರಿಗೆ ಇದೇ ಉತ್ತರ. ಮೂರು ಮುಳುಗು ಹಾಕುವವನ ಪುಣ್ಯದ ಹಿಂದೆ, ಎಲ್ಲಿ ಮುಳುಗಬಹುದು ಎಂದು ಮೊದಲು ಈಜಿ ತೋರಿಸಿದವನ ತಿಳಿವಳಿಕೆಯಿದೆ.

ಜಾತ್ರೆಗಳ ಸಾಲನ್ನು ನೋಡಿದರೆ ಹೊಳೆಯ ಕೈ ಇನ್ನೂ ಸ್ಪಷ್ಟವಾಗುತ್ತದೆ. ಪುಷ್ಯದಲ್ಲಿ ಮೈಲಾಪುರ, ಭೀಮೆಗೆ ಹೋಗುವ ಪಲ್ಲಕ್ಕಿಗಳು, ಛಾಯಾ ಭಗವತಿಯ ಪುಣ್ಯಸ್ನಾನ. ಮಾಘದಲ್ಲಿ ಕೃಷ್ಣೆಯ ದಂಡೆಯಲ್ಲೇ ಇರುವ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ, ಅಲ್ಲಿ ಹಿಂದೂ–ಮುಸಲ್ಮಾನರಿಬ್ಬರೂ ಸೇರುತ್ತಾರೆ. ಇನ್ನು ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆ ಬರುವುದು ಕೃಷ್ಣಾಷ್ಟಮಿಯ ಸುತ್ತ, ಹೊಳೆ ತುಂಬಿ ಹರಿಯುವ ಶ್ರಾವಣದಲ್ಲಿ. ಅಲ್ಲಿಯೂ ನೀರಿನ ಆಟ ಇದ್ದೇ ಇದೆ. ಜಾರುವ ಎತ್ತರದ ಕಂಬಗಳನ್ನು ಏರುವವರ ಮೇಲೆ ನೀರು ಎರಚುತ್ತಾರೆ, ಓಕುಳಿ ಆಡುತ್ತಾರೆ. ಆದರೆ ಅದು ನಡೆಯುವುದು ಗುಡ್ಡದ ಮೇಲಿನ ಊರಿನ ದೇವಸ್ಥಾನದ ಮುಂದೆ. ಶ್ರಾವಣದಲ್ಲಿ ನೀರನ್ನೇ ಊರೊಳಗೆ ತಂದು ಆಡಿದ ಸೀಮೆ, ಪುಷ್ಯದಲ್ಲಿ ದೇವರನ್ನೇ ನೀರಿಗೆ ಹೊತ್ತೊಯ್ದಿತು. ಎರಡಕ್ಕೂ ಪುರಾಣದ ಕಾರಣಗಳಿರಬಹುದು. ಆದರೂ ಯಾವ ಕಾಲದಲ್ಲಿ ಯಾವುದು ಸಾಧ್ಯ ಎಂಬ ಅನುಭವವನ್ನು ಬಿಟ್ಟು ಇವು ಉಳಿದು ಬಂದಿರಲಾರವು.

ಮೈ ನಡುಗಿಸುವ ನೀರಿಗೆ ಜನ ಬರಿಗೈಯಲ್ಲಿ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ಎಳ್ಳು ಅರೆದು ಅರಿಷಿಣ ಬೆರೆಸಿ ಮೈಗೆ ಹಚ್ಚಿಕೊಂಡೇ ಸಂಕ್ರಾಂತಿಯ ಜಳಕ. ಥಂಡಿಗಾಳಿಗೆ ಬಿರಿದ ಚರ್ಮಕ್ಕೆ ಎಳ್ಳಿನ ಜಿಡ್ಡಿನಷ್ಟು ಹತ್ತಿರದ ಔಷಧ ಹಳ್ಳಿಯಲ್ಲಿ ಇನ್ನೊಂದಿರಲಿಲ್ಲ. ಜಳಕ ಮುಗಿಸಿ ದಂಡೆಯಲ್ಲೇ ಬುತ್ತಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಾಳುಪಲ್ಯೆ: ಒಂದೊಂದೂ ಮೈ ಕಾಯಿಸುವಂಥದ್ದು. ನಸುಕಿನಲ್ಲಿ ನದಿಯ ನೀರು ಮೇಲಿನ ಗಾಳಿಗಿಂತ ಬೆಚ್ಚಗಿರುವುದೂ ಉಂಟು. ಇಳಿಯುವಾಗಿನ ಹೆದರಿಕೆ ಇಳಿದ ಮೇಲೆ ಇರುವುದಿಲ್ಲ, ಮೇಲೆ ಬಂದು ಒದ್ದೆ ಬಟ್ಟೆಯಲ್ಲಿ ನಿಂತಾಗಲೇ ಥಂಡಿ ಹತ್ತುವುದು. ಹೊರಜಗತ್ತಿನಲ್ಲಿ ಇದಕ್ಕಿಂತ ಕಠಿಣ ರೂಢಿಗಳಿವೆ. ರಷ್ಯಾದ ಸಾಂಪ್ರದಾಯಿಕ ಕ್ರೈಸ್ತರು ಜನವರಿ 19ರಂದು ಹೆಪ್ಪುಗಟ್ಟಿದ ನದಿಯ ಮಂಜುಗಡ್ಡೆ ಕೊರೆದು ಮುಳುಗುತ್ತಾರೆ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1864ರಲ್ಲಿ ಹುಟ್ಟಿದ ಸರ್ಪೆಂಟೈನ್ ಈಜು ಸಂಘದವರು ಕ್ರಿಸ್ಮಸ್ ಬೆಳಗ್ಗೆ ಪಂದ್ಯ ನಡೆಸುತ್ತಾರೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ತಣ್ಣನೆಯ ಸಮುದ್ರಸ್ನಾನವನ್ನು ವೈದ್ಯರೇ ಔಷಧವೆಂದು ಬರೆದುಕೊಟ್ಟರು. ಅಲ್ಲಿ ಥಂಡಿಯೇ ಉದ್ದೇಶ. ಭೀಮೆ–ಕೃಷ್ಣೆಯ ದಂಡೆಯಲ್ಲಿ ಅದು ನೀರಿಗಾಗಿ ಸಹಿಸಿಕೊಂಡ ಸಂಗತಿ, ದೇಹದಂಡನೆಯ ಹೊಗಳಿಕೆ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಸಂಕ್ರಾಂತಿ ಇಡೀ ದೇಶದ ಹಬ್ಬ. ಪ್ರಯಾಗದಲ್ಲೂ ಗಂಗಾಸಾಗರದಲ್ಲೂ ಅದೇ ದಿನ ಜನ ಮುಳುಗುತ್ತಾರೆ. ಸೂರ್ಯನ ಸಂಚಾರ ನಿರ್ಧರಿಸಿದ ದಿನಕ್ಕೆ ಯಾದಗಿರಿಯ ಹೊಳೆಯನ್ನು ಕಾರಣ ಮಾಡುವುದು ಹೇಗೆ? ದಿನಕ್ಕೆ ಕಾರಣ ಮಾಡುವಂತಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಪಂಚಾಂಗ ಹೇಳಿದ ಸ್ನಾನಗಳೆಲ್ಲ ಎಲ್ಲ ಕಡೆಯೂ ಊರ ರೂಢಿಯಾಗುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರ 2016ರಲ್ಲಿ ಆಗಸ್ಟ್ 12ಕ್ಕೆ ಶುರುವಾಯಿತು. ಅದು ತುಂಬು ಮಳೆಗಾಲ. ಅಂಥ ಸ್ನಾನಕ್ಕೆ ಘಟ್ಟ ಬೇಕು, ಬೇಲಿ ಬೇಕು, ಪೊಲೀಸರು ಬೇಕು. ಸರ್ಕಾರ ಮುಂದೆ ನಿಂತರಷ್ಟೇ ಅದು ನಡೆಯುತ್ತದೆ. ಸಂಕ್ರಾಂತಿಯ ಜಳಕಕ್ಕಾದರೋ ಹಳ್ಳಿಯವರು ಎತ್ತಿನ ಗಾಡಿ ಕಟ್ಟಿಕೊಂಡು ತಮ್ಮಷ್ಟಕ್ಕೆ ತಾವೇ ಹೊಳೆಗೆ ಹೋಗಿ ಬರುತ್ತಿದ್ದರು. ಎರಡನ್ನೂ ವಿಧಿಸಿದ್ದು ಪಂಚಾಂಗವೇ. ಪ್ರತಿ ವರ್ಷದ ಜನಪದ ರೂಢಿಯಾಗಿ ಬೇರೂರಿದ್ದು ಹೊಳೆ ಒಪ್ಪಿಕೊಂಡ ಒಂದು.

ಎರಡನೆಯ ಆಕ್ಷೇಪ, ಗಡ್ಡಿಯ ಜನ ಮಹಾಪೂರದಲ್ಲೂ ಈಜುತ್ತಾರಲ್ಲ ಎಂಬುದು. ಈಜುತ್ತಾರೆ. ಕಕ್ಕೇರಿ ಸಮೀಪದ ನೀಲಕಂಠರಾಯನ ಗಡ್ಡಿಯಿಂದ 2013ರ ಜುಲೈ ಕೊನೆಯಲ್ಲಿ ತುಂಬು ಗರ್ಭಿಣಿಯೊಬ್ಬರು ಸೋರೆ ಬುರುಡೆ ಕಟ್ಟಿಕೊಂಡು, ಮನೆಯ ಗಂಡಸರ ಆಸರೆಯಲ್ಲಿ, ಉಕ್ಕಿದ ಕೃಷ್ಣೆಯನ್ನು ಈಜಿ ದಾಟಿದ್ದು ದೇಶವಿದೇಶದ ಪತ್ರಿಕೆಗಳಲ್ಲಿ ಬಂತು. ಹೆರಿಗೆಗೆ ಆಸ್ಪತ್ರೆ ತಲುಪಲು ಬೇರೆ ದಾರಿಯಿರಲಿಲ್ಲ. ಅದು ಸುದ್ದಿಯಾದದ್ದೇ ಅದು ರೂಢಿಯಲ್ಲ, ಸಂಕಟ ಎಂಬುದಕ್ಕೆ ಸಾಕ್ಷಿ. ಹೊಳೆ ಇಳಿದ ಕಾಲದಲ್ಲಿ ಅಂಥ ಗಡ್ಡಿಗಳಿಗೆ ಹೋಗಿಬರುವುದು ಯಾರ ಗಮನಕ್ಕೂ ಬಾರದ ದಿನನಿತ್ಯದ ಕೆಲಸ. ಆ ಈಜನ್ನು ಸಾಹಸವೆಂದು ಮೆಚ್ಚಿ ಸುಮ್ಮನಾಗುವುದು, ದಾರಿ ಇಲ್ಲದವರ ಬದುಕನ್ನು ಆಟವೆಂದು ನೋಡಿದಂತೆ.

ಅಣೆಕಟ್ಟುಗಳು ಬಂದ ಮೇಲೆ ಹೊಳೆಯ ಪಂಚಾಂಗವೇ ಬದಲಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು, 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಎದ್ದು ನಿಂತಿತು. ಭೀಮೆಗೆ ಮೇಲೆ ಮಹಾರಾಷ್ಟ್ರದ ಉಜನಿ, ಕೆಳಗೆ ಸನ್ನತಿಯ ಬ್ಯಾರೇಜು. ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರಗಳ ಒಣ ಹೊಲಗಳಲ್ಲಿ ಭತ್ತದ ಗದ್ದೆಗಳಾದವು. ಆ ಲಾಭ ಸಣ್ಣದಲ್ಲ, ಅದನ್ನು ಹಳಿಯುವುದೂ ನ್ಯಾಯವಲ್ಲ. ಆದರೆ ಈಗ ಚಳಿಗಾಲದ ನೀರಿನ ದೊಡ್ಡ ಪಾಲು ಕಾಲುವೆಯಲ್ಲಿ ಹೋಗುತ್ತದೆ, ಹೊಳೆಗೆ ಎಷ್ಟು ಎಂಬುದನ್ನು ಗೇಟು ನಿರ್ಧರಿಸುತ್ತದೆ. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂದಾಗ ದಂಡೆಯ ಊರು, ಸೇತುವೆ, ಗುಡಿಗಳೆಲ್ಲ ಕಂಗಾಲಾದವು. ಅಷ್ಟು ದೊಡ್ಡ ನೀರು ಡಂಗುರ ಸಾರಿ ಬರುತ್ತದೆ. ಅಪಾಯ ಹೆಚ್ಚಿರುವುದು ಸದ್ದಿಲ್ಲದೆ ಏರುವ ಮೊಣಕಾಲುದ್ದದ ನೀರಿನಲ್ಲಿ, ಜಾರುವ ಇಳಿಜಾರಿನ ಕಾಲುವೆಯಲ್ಲಿ, ಮರಳು ತೆಗೆದು ಬಿಟ್ಟ ಗುಂಡಿಗಳಲ್ಲಿ. ಇವು ಯಾವುವೂ ಹಳೆಯ ಅಂಬಿಗನ ಲೆಕ್ಕದಲ್ಲಿ ಇರಲಿಲ್ಲ.

ಹಾಗೆಂದು ಚಳಿಗಾಲದ ಜಳಕಕ್ಕೆ ಅರ್ಥ ಉಳಿದಿಲ್ಲ, ನಿಲ್ಲಿಸಿಬಿಡಿ ಎನ್ನುವುದು ಅವಸರದ ಮಾತು. ರೂಢಿಗಳು ತಿದ್ದುಪಡಿಗೆ ಒಗ್ಗುತ್ತವೆ. ಮೈಲಾಪುರದ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವುದನ್ನು ಆಡಳಿತ ನಿಷೇಧಿಸಿದ ಮೇಲೂ ಜಾತ್ರೆ ನಡೆದೇ ಇದೆ. ಥಂಡಿಯ ಸ್ನಾನವನ್ನು ಬೆಳೆಸಿದ್ದು ಹೊಳೆಯನ್ನು ಅರಿತವರ ಮಾತಿಗೆ ಇದ್ದ ಬೆಲೆ. ಆ ಅರಿವನ್ನು ಇಂದಿನ ಹೊಳೆಗೆ ಹೊಂದಿಸುವುದೇ ಈಗ ಆಗಬೇಕಾದ ಕೆಲಸ. ಸಂಕ್ರಾಂತಿಯ ವಾರ ಗೇಟು ಯಾವಾಗ ತೆರೆಯುತ್ತದೆ, ಎಷ್ಟು ನೀರು ಬರುತ್ತದೆ ಎಂಬುದು ದಂಡೆಯ ಪ್ರತಿ ಪಂಚಾಯಿತಿಗೂ ಮೊದಲೇ ತಿಳಿಯಬೇಕು. ಜಳಕದ ಜಾಗವನ್ನು ಗುರುತಿಸುವಾಗ ಅಧಿಕಾರಿಗಳ ಜೊತೆ ಅಂಬಿಗರೂ ಇರಬೇಕು, ಅವರ ದಿನದ ಕೂಲಿಯೂ ಲೆಕ್ಕಕ್ಕೆ ಬರಬೇಕು. ಎರಡು ಹೊಳೆ, ನೂರಾರು ಕಾಲುವೆಗಳ ಈ ಜಿಲ್ಲೆಯ ಶಾಲೆಗಳಲ್ಲಿ ಹುಡುಗರಂತೆ ಹುಡುಗಿಯರಿಗೂ ಈಜು ಕಲಿಸಬೇಕು. ಹೊಳೆ ತೆರೆದಿದ್ದ ಬಾಗಿಲಿನ ಕೀಲಿ ಈಗ ನಮ್ಮ ಕೈಯಲ್ಲಿದೆ, ಇನ್ನು ಆಗುವ ಸಾವುಗಳಿಗೆ ಹೊಳೆಯನ್ನು ದೂರಿ ಪ್ರಯೋಜನವಿಲ್ಲ.