ಕಪ್ಪುಹಲಗೆಯಿಂದ ಫೋರ್ಟ್ರಾನ್‌ವರೆಗೆ

ಮೇಷ್ಟ್ರ ಕೆಲಸ ಬಿಟ್ಟು ಸಾಫ್ಟ್‌ವೇರ್‌ಗೆ ಹೋದವರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಸದ್ಯ, ಬದುಕಿಕೊಂಡರು’ ಎನ್ನುವವರು ಕೆಲವರು. ‘ದುಡ್ಡಿನ ಆಸೆಗೆ ಪುಣ್ಯದ ಕೆಲಸ ಬಿಟ್ಟರು’ ಎನ್ನುವವರು ಇನ್ನು ಕೆಲವರು. ಡೊರೊಥಿ ವಾನ್ ಅವರ ಬದುಕನ್ನು ಓದುತ್ತಾ ಹೋದಂತೆ ಈ ಎರಡು ಮಾತೂ ಸಾಲದು ಎಂದು ನನಗೆ ಅನ್ನಿಸತೊಡಗಿತು.

2016ರ ‘ಹಿಡನ್ ಫಿಗರ್ಸ್’ ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತು. ಆ ಕಥೆ ಶುರುವಾಗುವ ಹೊತ್ತಿಗೆ ಅವರು ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಹಳಬರು. ನನ್ನ ಕುತೂಹಲವಿರುವುದು ಅದಕ್ಕೂ ಹಿಂದಿನ ವರ್ಷಗಳ ಮೇಲೆ. 1910ರಲ್ಲಿ ಹುಟ್ಟಿದ ವಾನ್, ಒಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ 1929ರಲ್ಲಿ, 19ನೆಯ ವಯಸ್ಸಿಗೇ ಪದವಿ ಪಡೆದರು. ಮುಂದೆ ಓದಿ ಎಂದು ಗುರುಗಳು ಹೇಳಿದ್ದುಂಟು. ಆದರೆ ಅದು ಆರ್ಥಿಕ ಕುಸಿತದ ಕಾಲ. ಮನೆಗೆ ಆಸರೆಯಾಗಲೆಂದು ಅವರು ಶಿಕ್ಷಕಿಯಾದರು. ಮುಂದೆ ವರ್ಜೀನಿಯಾದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನಲ್ಲಿ, ಕಪ್ಪು ವರ್ಣೀಯ ಮಕ್ಕಳಿಗೆಂದೇ ಇದ್ದ ಮೋಟನ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿದರು.

ಊರಿನಲ್ಲಿ ಟೀಚರಿಗೆ ಗೌರವವಿತ್ತು, ಕೈಗೆ ಬರುವ ಸಂಬಳ ಮಾತ್ರ ಕಡಿಮೆ. ಆ ರಾಜ್ಯದಲ್ಲಿ ಕಪ್ಪು ಶಿಕ್ಷಕರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುವುದು ರೂಢಿಯಾಗಿತ್ತು. ನಾರ್ಫೋಕ್ ನಗರದ ಮೆಲ್ವಿನ್ ಆಲ್ಸ್ಟನ್ ಎಂಬ ಶಿಕ್ಷಕರು ಇದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಬಣ್ಣ ನೋಡಿ ಸಂಬಳ ನಿಗದಿ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು 1940ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. 1943ರ ಬೇಸಿಗೆ ರಜೆಯಲ್ಲಿ ವಾನ್ ಸೈನ್ಯದ ಶಿಬಿರವೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೂಲಿಗೆ ಹೋದರು. ಗಣಿತದ ಪದವೀಧರೆ, ಹದಿನಾಲ್ಕು ವರ್ಷದ ಅನುಭವದ ಶಿಕ್ಷಕಿ, ರಜೆ ಬಂತೆಂದರೆ ಸಿಪಾಯಿಗಳ ಕೊಳೆ ಬಟ್ಟೆಯ ನಡುವೆ ನಿಲ್ಲಬೇಕಿತ್ತು. ವೃತ್ತಿ ಬದಲಾವಣೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವ ವಿವರ ಇದು.

ಅದೇ ಹೊತ್ತಿಗೆ ಬೇರೊಂದು ಬಾಗಿಲು ತೆರೆದಿತ್ತು. ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್ನಿಗೆ ಭಾರಿ ಮೆರವಣಿಗೆ ತರುವುದಾಗಿ ಎಚ್ಚರಿಸಿದ್ದರಿಂದ, ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನ್‌ನಲ್ಲಿ ರಕ್ಷಣಾ ಉದ್ಯಮದ ನೇಮಕಾತಿಯಲ್ಲಿ ವರ್ಣಭೇದವನ್ನು ನಿಷೇಧಿಸಿ ಆದೇಶ ಹೊರಡಿಸಿದ್ದರು. ಯುದ್ಧ ಜೋರಾದಂತೆ ಹ್ಯಾಂಪ್ಟನ್‌ನ ಲ್ಯಾಂಗ್ಲಿ ವಿಮಾನ ಸಂಶೋಧನಾಲಯಕ್ಕೆ ಲೆಕ್ಕ ಬಲ್ಲವರು ಬೇಕಾದರು. ಆಗ ‘ಕಂಪ್ಯೂಟರ್’ ಎಂದರೆ ಕುಳಿತು ಲೆಕ್ಕ ಮಾಡುವ ಮನುಷ್ಯರು. 1943ರ ಡಿಸೆಂಬರಿನಲ್ಲಿ ವಾನ್, ಮಕ್ಕಳನ್ನು ಫಾರ್ಮ್‌ವಿಲ್‌ನಲ್ಲೇ ಬಿಟ್ಟು ಅಲ್ಲಿಗೆ ಸೇರಿದರು. ಸಂಬಳ ಶಾಲೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಯುದ್ಧ ಮುಗಿಯುವವರೆಗಿನ ತಾತ್ಕಾಲಿಕ ಕೆಲಸ ಎಂದುಕೊಂಡದ್ದು 28 ವರ್ಷ ನಡೆಯಿತು.

ಹೊಸ ಜಾಗ ಸ್ವರ್ಗವೇನೂ ಆಗಿರಲಿಲ್ಲ. ಕಪ್ಪು ಮಹಿಳೆಯರಿಗೆ ‘ವೆಸ್ಟ್ ಏರಿಯಾ ಕಂಪ್ಯೂಟಿಂಗ್’ ಎಂಬ ಪ್ರತ್ಯೇಕ ವಿಭಾಗ, ಪ್ರತ್ಯೇಕ ಊಟದ ಮೇಜು, ಪ್ರತ್ಯೇಕ ಶೌಚಾಲಯ. 1949ರಲ್ಲಿ ವಾನ್ ಆ ವಿಭಾಗದ ಮುಖ್ಯಸ್ಥೆಯಾದರು. ಅವರ ಕೈಕೆಳಗೆ ಬಂದ ಮೇರಿ ಜಾಕ್ಸನ್, ಕ್ಯಾಥರಿನ್ ಜಾನ್ಸನ್ ಇಬ್ಬರೂ ಹಿಂದೆ ಟೀಚರಾಗಿದ್ದವರೇ. ಗಣಿತ ಓದಿದ ಕಪ್ಪು ಹೆಣ್ಣುಮಗಳಿಗೆ ಶಾಲೆ ಬಿಟ್ಟರೆ ಬೇರೆ ದಾರಿ ಅಷ್ಟಾಗಿ ಇರಲಿಲ್ಲ.

1958ರಲ್ಲಿ ನಾಸಾ ಹುಟ್ಟಿತು, ಪ್ರತ್ಯೇಕ ವಿಭಾಗ ಮುಚ್ಚಿತು, ಅದರೊಂದಿಗೆ ವಾನ್ ಅವರ ಮುಖ್ಯಸ್ಥೆಯ ಕುರ್ಚಿಯೂ ಹೋಯಿತು. ಲೆಕ್ಕ ಮಾಡಲು ಯಂತ್ರಗಳೇ ಬರತೊಡಗಿದ್ದವು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾಗಿ, ಐಬಿಎಂ 1957ರಲ್ಲಿ ಹೊರತಂದಿದ್ದ ಫೋರ್ಟ್ರಾನ್ ಭಾಷೆಯನ್ನು ಕಲಿತರು. ಕಲಿತದ್ದನ್ನು ಜೊತೆಯವರಿಗೂ ಕಲಿಸಿದರು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳು ಇಲ್ಲಿದೆ. ತಿಳಿಯದ್ದನ್ನು ಬಿಡಿಸಿ ನೋಡುವುದು, ತಿಳಿದದ್ದನ್ನು ಎದುರಿಗಿರುವವರಿಗೆ ಹತ್ತುವ ಹಾಗೆ ಹೇಳುವುದು ಶಾಲೆಯಲ್ಲಿ ಕೂಡಿಬಂದ ಗುಣ. ಕಡಿಮೆ ಸಂಬಳ ಕೊಟ್ಟ ಶಾಲಾ ವ್ಯವಸ್ಥೆ ಕಳೆದುಕೊಂಡದ್ದು ಅದನ್ನೇ. ತಂತ್ರಜ್ಞಾನ ಅದನ್ನು ಸಿದ್ಧರೂಪದಲ್ಲಿ ಪಡೆಯಿತು.

ಅವರು ಬಿಟ್ಟುಬಂದ ಶಾಲೆಯ ಕಥೆಯನ್ನೂ ಹೇಳಬೇಕು. ಮೋಟನ್ ಹೈಸ್ಕೂಲಿನ ಕಟ್ಟಡವಿದ್ದದ್ದು 180 ಮಕ್ಕಳಿಗೆ. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು, ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ತರಗತಿ. ಆ ವರ್ಷದ ಏಪ್ರಿಲ್‌ನಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ಮುಂದಾಳಾಗಿ ಮಕ್ಕಳು ಮುಷ್ಕರ ಹೂಡಿದರು. ಅದರಿಂದ ಹುಟ್ಟಿದ ಮೊಕದ್ದಮೆ, ಶಾಲೆಗಳ ವರ್ಣಭೇದವನ್ನು ರದ್ದು ಮಾಡಿದ 1954ರ ಬ್ರೌನ್ ತೀರ್ಪಿನಲ್ಲಿ ಸೇರಿಕೊಂಡಿತು. ಕಪ್ಪು, ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸಲು ಒಪ್ಪದ ಆ ಕೌಂಟಿ 1959ರಿಂದ 1964ರವರೆಗೆ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತು.

ವಾನ್ ಅಲ್ಲೇ ಉಳಿದಿದ್ದರೆ ಇದೆಲ್ಲ ತಪ್ಪುತ್ತಿತ್ತೇ? ಖಂಡಿತ ಇಲ್ಲ. ಒಬ್ಬ ಟೀಚರ ತ್ಯಾಗದಿಂದ ಸರಿಹೋಗುವ ವ್ಯವಸ್ಥೆ ಅದಾಗಿರಲಿಲ್ಲ. ‘ಸೇವೆ’ ಎಂಬ ದೊಡ್ಡ ಮಾತನ್ನು ಹೊದಿಸಿ ಸಂಬಳದ ಮಾತನ್ನು ಮುಚ್ಚುವುದು ಸುಲಭ. ಟೀಚರು, ನರ್ಸು, ಸಮಾಜಸೇವಕರು ಇಂಥ ಕೆಲಸ ಬಿಟ್ಟು ಹೊರಟಾಗ ‘ಯಾಕೆ ಹೋದಿರಿ’ ಎಂದು ಅವರನ್ನು ಕೇಳುತ್ತೇವೆ. ಆ ಪ್ರಶ್ನೆಯನ್ನು ಅವರಿಗೆ ಸಂಬಳ ಕೊಡುತ್ತಿದ್ದವರಿಗೆ ಮೊದಲು ಕೇಳಬೇಕು.